ಬಾನೆಟ್ಟಿನ ಮೇಲೆ ಕೆಸುವಿನ ಎಲೆ

ಭಾವ ನಿವೃತ್ತರಾದ ವರ್ಷ ಹೊಸ ಕಾರು ತೆಗೆದುಕೊಂಡರು. ಡೆಲಿವರಿಯ ದಿನ ನಾನೂ ಜೊತೆಗಿದ್ದೆ. ಅಕ್ಕ ಆರತಿ ಎತ್ತಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು ಮುಗಿಸಿದ ಮೇಲೆ ಶೋರೂಮಿನ ಹುಡುಗ ನಮ್ಮನ್ನು ಒಂದು ಮೂಲೆಗೆ ಕರೆದುಕೊಂಡು ಹೋದ. ಅಲ್ಲಿ ಕಪ್ಪು ಬಾನೆಟ್ಟೊಂದನ್ನು ಮೇಜಿಗೆ ಓರೆಯಾಗಿ ಒರಗಿಸಿ, ನಟ್ಟನಡುವೆ ಹಳದಿ ಟೇಪು ಎಳೆದಿದ್ದರು.

"ಎಡಗಡೆ ನಾರ್ಮಲ್ ಪೇಂಟು ಸಾರ್, ಬಲಗಡೆ ಸೆರಾಮಿಕ್ ಕೋಟಿಂಗ್. ನೀವೇ ನೋಡಿ" ಎಂದು ಬಾಟಲಿಯಿಂದ ನೀರು ಚಿಮುಕಿಸಿದ. ಎಡಭಾಗದಲ್ಲಿ ನೀರು ಒದ್ದೆ ಬಟ್ಟೆ ಹಾಸಿದ ಹಾಗೆ ಹರಡಿಕೊಂಡಿತು. ಬಲಭಾಗದಲ್ಲಿ ಅದೇ ನೀರು ಮುತ್ತು ಮುತ್ತಾಗಿ ಕೂತು, ಒಂದಕ್ಕೊಂದು ಸೇರಿ, ಸರ್ರನೆ ಜಾರಿ ಇಳಿದುಹೋಯಿತು. ಜಾರಿದ ದಾರಿಯಲ್ಲಿ ತೇವದ ಗುರುತೂ ಉಳಿಯಲಿಲ್ಲ. ಬೆಲೆ 28,000 ರೂಪಾಯಿ, ಮೂರು ವರ್ಷದ ಗ್ಯಾರಂಟಿ.

ಭಾವ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ನೀನು ವಿಜ್ಞಾನ ಬರೀತೀಯಲ್ಲಪ್ಪ, ಹೇಳು. ಹಾಕಿಸೋದಾ, ಬಿಡೋದಾ?"

"ಒಂದು ವಾರ ಟೈಮ್ ಕೊಡಿ ಭಾವ" ಅಂದೆ.

ಪತ್ರೊಡೆ ಮಾಡುವ ಮನೆಯಲ್ಲಿ ಬೆಳೆದವರಿಗೆ ಆ ದೃಶ್ಯ ಹೊಸದಲ್ಲ. ಕೆಸುವಿನ ಎಲೆಯನ್ನು ನಲ್ಲಿಯ ಕೆಳಗೆ ಹಿಡಿದರೆ ನೀರು ಪಾದರಸದಂತೆ ಉರುಳಿ ಬೀಳುತ್ತದೆ, ಎಲೆ ಒದ್ದೆಯೇ ಆಗುವುದಿಲ್ಲ. ಅದನ್ನು ಕಂಡ ಮನಸ್ಸು ತಾನಾಗಿ ಒಂದು ಜಿಗಿತ ಜಿಗಿಯುತ್ತದೆ: ನೀರೇ ಅಂಟುವುದಿಲ್ಲ ಎಂದ ಮೇಲೆ ಕೊಳೆ ಎಲ್ಲಿ ಅಂಟೀತು, ಬಿಸಿಲು ಏನು ಮಾಡೀತು, ಗೀರು ಹೇಗೆ ಬಿದ್ದೀತು? ಶೋರೂಮಿನ ಆ ಬಾನೆಟ್ಟು ಮಾರುತ್ತಿದ್ದದ್ದು ಈ ಜಿಗಿತವನ್ನೇ. ಅದು ಸರಿಯೋ ತಪ್ಪೋ ತಿಳಿಯಬೇಕಾದರೆ ಮೊದಲು ಕಾರಿನ ಮೈಮೇಲೆ ಏನಿದೆ ಎಂದು ನೋಡಬೇಕು.

ನೂರಹತ್ತು ಹಾಳೆಯ ಪುಸ್ತಕ

ಕಾರಿನ ಮೈ ಎಂದರೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಉಕ್ಕಿನ ತಗಡು. ಅದರ ಮೇಲಿನ ಬಣ್ಣವೆಲ್ಲ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಇಷ್ಟು ತೆಳುವಾದದ್ದನ್ನು ಅಳೆಯಲು ಮಿಲಿಮೀಟರನ್ನು ಸಾವಿರ ಪಾಲು ಮಾಡುತ್ತಾರೆ, ಒಂದೊಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ.

ಭಾವನಿಗೆ ಅರ್ಥವಾಗುವಂತೆ ಹೇಳಲು ನಾನು ನೋಟ್‌ಬುಕ್ಕಿನ ಲೆಕ್ಕ ಹಿಡಿದೆ. ಒಂದು ಮೈಕ್ರಾನಿಗೆ ಒಂದು ಹಾಳೆ. ಹಾಗೆ ಎಣಿಸಿದರೆ ಕಾರಿನ ಬಣ್ಣ ಸುಮಾರು 110 ಹಾಳೆಯ ಪುಸ್ತಕ.

ಎಲ್ಲಕ್ಕಿಂತ ಕೆಳಗಿನ 20 ಹಾಳೆ ನನಗೆ ತುಂಬ ಇಷ್ಟ. ಕಾರ್ಖಾನೆಯಲ್ಲಿ ಇಡೀ ಕಾರಿನ ಕವಚವನ್ನು ಬಣ್ಣದ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟು ಹರಿಸುತ್ತಾರೆ. ಬಣ್ಣದ ಕಣಗಳು ಲೋಹದತ್ತ ಓಡಿ ಅಂಟಿಕೊಳ್ಳುತ್ತವೆ. ಬಣ್ಣ ಕೂತ ಜಾಗದಲ್ಲಿ ಕರೆಂಟು ಹರಿಯಲಾರದು, ಆದ್ದರಿಂದ ಅದು ಇನ್ನೂ ಬರಿದಾಗಿರುವ ಜಾಗವನ್ನೇ ಹುಡುಕಿಕೊಂಡು ಹೋಗುತ್ತದೆ. ಬ್ರಷ್ಷು ಹೋಗದ, ಸ್ಪ್ರೇ ಮುಟ್ಟದ ಸಂದುಗೊಂದಿಗಳೂ ಹೀಗೆ ಮುಚ್ಚಿಕೊಳ್ಳುತ್ತವೆ. 1960ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪನಿಯಲ್ಲಿ ಜಾರ್ಜ್ ಬ್ರೂಯರ್ ಮತ್ತು ಸಂಗಡಿಗರು ಬೆಳೆಸಿದ ವಿಧಾನ ಇದು. ನಮ್ಮ ಕಾರುಗಳು ಹಿಂದಿನ ಕಾರುಗಳಂತೆ ಐದಾರು ಮಳೆಗಾಲಕ್ಕೇ ತುಕ್ಕು ಹಿಡಿದು ತೂತಾಗದಿರುವುದರ ಪುಣ್ಯದಲ್ಲಿ ದೊಡ್ಡ ಪಾಲು ಈ ಪದರದ್ದು. ತುಕ್ಕಿಗೆ ಕಾವಲು ಇರುವುದು ಪುಸ್ತಕದ ತಳದಲ್ಲಿ. ಮೇಲಿಂದ ಏನು ಬಳಿದರೂ ಆ ಕೆಲಸಕ್ಕೆ ಅದರಿಂದ ಹೆಚ್ಚೇನೂ ಸೇರುವುದಿಲ್ಲ.

ಅದರ ಮೇಲೆ ಪ್ರೈಮರ್, 35 ಹಾಳೆಯ ಆಚೀಚೆ. ಅದರ ಮೇಲೆ ನಾವು ಆಸೆಪಟ್ಟು ಆರಿಸಿದ ಕೆಂಪೋ ನೀಲಿಯೋ ಇರುವ ಬಣ್ಣದ ಪದರ, ಬರೀ 15 ಹಾಳೆ. ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ಪಾರದರ್ಶಕವಾದ 40 ಹಾಳೆ. ಪೇಂಟರುಗಳ ಬಾಯಲ್ಲಿ ಇದು ಕ್ಲಿಯರ್ ಕೋಟ್. ತಿಳಿಸಾರಿನ 'ತಿಳಿ' ನಮ್ಮಲ್ಲಿರುವಾಗ ನಾನು ಇದನ್ನು ತಿಳಿಪದರ ಎನ್ನುತ್ತೇನೆ. ಕಾರಿಗೆ ಹೊಳಪು ಕೊಡುವುದು ಇದೇ, ಬಿಸಿಲಿಗೆ ಮೈಯೊಡ್ಡುವುದೂ ಇದೇ.

ತಿಳಿಪದರ ಇಲ್ಲದ ಕಾಲವೂ ಇತ್ತು. 1923ರಲ್ಲಿ ಡ್ಯೂಪಾಂಟ್ ಕಂಪನಿ ಬೇಗ ಒಣಗುವ ಲ್ಯಾಕರ್ ಬಣ್ಣವೊಂದನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಡ್ಯೂಕೊ. ಅಲ್ಲಿಯವರೆಗೆ ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ನಮ್ಮ ಬಡಗಿಗಳು ಬೀರುವಿಗೆ, ಅಡುಗೆಮನೆಯ ಕಪಾಟಿಗೆ "ಡ್ಯೂಕೊ ಹೊಡೆಸ್ತೀರಾ" ಎಂದು ಇವತ್ತಿಗೂ ಕೇಳುವ ಮಾತಿನ ಬೇರು ಅಲ್ಲಿದೆ. ಆ ಬಗೆಯ ಬಣ್ಣದಲ್ಲಿ ಬಣ್ಣದ ಪುಡಿಯೇ ಮೇಲ್ಮೈಯಲ್ಲಿರುತ್ತಿತ್ತು. ಬಿಸಿಲು ಅದನ್ನು ಹಿಡಿದಿಟ್ಟ ಅಂಟನ್ನು ಕೆಡಿಸಿ, ಪುಡಿ ಸೀಮೆಸುಣ್ಣದಂತೆ ಸಡಿಲವಾಗುತ್ತಿತ್ತು. ಹಳೆಯ ಅಂಬಾಸಿಡರ್ ಒರೆಸಿದವರಿಗೆ ಗೊತ್ತು, ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಆಗ ತಿಂಗಳಿಗೊಮ್ಮೆ ವ್ಯಾಕ್ಸ್ ಉಜ್ಜುವುದು ನಿಜವಾಗಿಯೂ ಬೇಕಿತ್ತು.

ಮುಂದೆ 1980ರ ದಶಕದ ಹೊತ್ತಿಗೆ ತಿಳಿಪದರ ಎಲ್ಲೆಡೆ ಹರಡಿತು. ಇದರೊಳಗೆ ಕಾರ್ಖಾನೆಯವರೇ ಎರಡು ಬಗೆಯ ಕಾವಲುಗಾರರನ್ನು ಬೆರೆಸಿರುತ್ತಾರೆ. ಒಂದು ನೇರಳಾತೀತ ಕಿರಣವನ್ನು ನುಂಗಿ ಬಿಸಿಯಾಗಿ ಹೊರಬಿಡುತ್ತದೆ. ಇನ್ನೊಂದು, ಹಾಗೂ ತಪ್ಪಿಸಿಕೊಂಡು ಬಂದ ಕಿರಣ ಒಳಗೆ ಮುರಿದ ಅಣುಗಳ ಚೂರುಗಳನ್ನು ಹಿಡಿದು, ಅವು ಬೇರೆ ಅಣುಗಳನ್ನು ಮುರಿಯದಂತೆ ಕಟ್ಟಿಹಾಕುತ್ತದೆ. ಎಂದರೆ ಶೋರೂಮಿನಿಂದ ಹೊರಬರುವ ಕಾರು ಬರಿಮೈಯಲ್ಲಿ ಬರುವುದಿಲ್ಲ. 40 ಹಾಳೆ ದಪ್ಪದ ರಕ್ಷಣೆಯನ್ನು ಹೊದ್ದುಕೊಂಡೇ ಬರುತ್ತದೆ, ಅದರ ದುಡ್ಡು ಕಾರಿನ ಬೆಲೆಯಲ್ಲೇ ಸೇರಿದೆ. ವ್ಯಾಕ್ಸು ಹಾಕದಿದ್ದರೆ ಬಣ್ಣ ಹೋದೀತೆಂಬ ನಮ್ಮ ಭಯ ಹಳೆಯ ಬಣ್ಣದ ಕಾಲದ್ದು.

ಬಾಟಲಿಯಲ್ಲಿ ಇರುವುದೇನು?

ಸೆರಾಮಿಕ್ ಎಂದ ಕೂಡಲೇ ಪಿಂಗಾಣಿ ಬಟ್ಟಲಿನ ಚಿತ್ರ ಕಣ್ಣೆದುರು ಬರುತ್ತದೆ. ಪುಟ್ಟ ಬಾಟಲಿಯಲ್ಲಿ ಬರುವುದು ತೆಳ್ಳಗಿನ ದ್ರವ. ಅದರ ಮೂಲವಸ್ತು ಸಿಲಿಕಾನ್, ಮರಳಿನಲ್ಲಿರುವ ಅದೇ ಧಾತು. ಅದನ್ನು ಸ್ಪಂಜಿನ ತುಂಡಿಗೆ ಸುತ್ತಿದ ಬಟ್ಟೆಯಿಂದ ಸವರಿದರೆ, ದ್ರಾವಕ ಹಾರಿಹೋಗಿ, ಉಳಿದ ಅಣುಗಳು ಗಾಳಿಯ ತೇವದೊಂದಿಗೆ ಸೇರಿ ಒಂದರ ಕೈ ಒಂದು ಹಿಡಿದು ಬಲೆ ನೇಯುತ್ತವೆ. ಕೆಳಗಿನ ತುದಿಗಳು ತಿಳಿಪದರಕ್ಕೆ ಕಚ್ಚಿಕೊಳ್ಳುತ್ತವೆ. ಮೇಲಿನ ತುದಿಗಳಲ್ಲಿ ನೀರಿಗೆ ಒಗ್ಗದ, ಎಣ್ಣೆಯ ಸ್ವಭಾವದ ಗುಂಪುಗಳು ಹೊರಮುಖವಾಗಿ ನಿಲ್ಲುತ್ತವೆ. ಬಲೆ ಪೂರ್ತಿ ಬಿಗಿಯಾಗಲು ದಿನಗಳು ಬೇಕು, ಅದಕ್ಕೇ ಹಾಕಿಸಿದ ಮೊದಲ ದಿನ ನೀರು ತಾಕಿಸಬೇಡಿ ಎನ್ನುತ್ತಾರೆ.

ವ್ಯಾಕ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಈ ಕಚ್ಚಿಕೊಳ್ಳುವುದರಲ್ಲಿದೆ. ಬ್ರೆಜಿಲಿನ ತಾಳೆಜಾತಿಯ ಮರದೆಲೆಯಿಂದ ತೆಗೆಯುವ ಕಾರ್ನೂಬ ಮೇಣ ಬಣ್ಣದ ಮೇಲೆ ಸುಮ್ಮನೆ ಕೂತಿರುತ್ತದೆ. ಬಿಸಿಲು ಮತ್ತು ಸೋಪು ನಾಲ್ಕಾರು ವಾರದಲ್ಲಿ ಅದನ್ನು ಇಳಿಸಿಬಿಡುತ್ತವೆ. ಸೆರಾಮಿಕ್ ಲೇಪ ಸೋಪಿಗೆ ಜಗ್ಗದೆ, ಒಳ್ಳೆಯ ಕೈಯಲ್ಲಿ ಹಾಕಿಸಿದರೆ, ಒಂದೆರಡು ವರ್ಷ ನಿಲ್ಲುತ್ತದೆ. ಇದು ದೊಡ್ಡ ಗೆಲುವೇ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ದಪ್ಪ? ಸಾಮಾನ್ಯವಾಗಿ ಒಂದು ಮೈಕ್ರಾನಿನ ಆಸುಪಾಸು. ನಮ್ಮ ಪುಸ್ತಕದ ಮೇಲೆ ಇನ್ನೊಂದು ಹಾಳೆ, ಕೆಲವೊಮ್ಮೆ ಅರ್ಧ ಹಾಳೆ. ಡೀಟೇಲಿಂಗ್ ಅಂಗಡಿಯಲ್ಲಿ ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಇರುತ್ತದೆ. ಅದರ ಲೆಕ್ಕವೇ ಎರಡು ಮೂರು ಮೈಕ್ರಾನ್ ಹೆಚ್ಚುಕಡಿಮೆ ಆಗುವಂಥದ್ದು, ಆದ್ದರಿಂದ ಲೇಪ ಹಾಕುವ ಮೊದಲು ಮತ್ತು ಆಮೇಲೆ ಅಳೆದರೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನೀರಿಗೆ ಕಾಣುವುದು ಮೇಲಿನ ಹಾಳೆ ಮಾತ್ರ

ಒಂದೇ ಹಾಳೆಯಿಂದ ನೀರಿನ ನಡತೆ ಅಷ್ಟೊಂದು ಬದಲಾಯಿತಲ್ಲ, ಹೇಗೆ? ವಿಷಯದ ಗಂಟು ಇರುವುದು ಇಲ್ಲಿ.

ನೀರಿನ ಅಣುಗಳಿಗೆ ತಮ್ಮತಮ್ಮಲ್ಲೇ ಬಲವಾದ ಸೆಳೆತ. ಕೆಳಗಿನ ಮೇಲ್ಮೈ ಅದಕ್ಕಿಂತ ಹೆಚ್ಚು ಸೆಳೆದರೆ ಹನಿ ಹರಡುತ್ತದೆ. ಕಡಿಮೆ ಸೆಳೆದರೆ ಚಳಿಗೆ ಮುದುಡಿ ಕೂತವರಂತೆ ಗುಂಡಗಾಗುತ್ತದೆ. ಹನಿಯ ಅಂಚು ನೆಲವನ್ನು ಮುಟ್ಟುವಲ್ಲಿ ಮಾಡುವ ಕೋನವನ್ನು ಕೂರುವ ಕೋನ ಎನ್ನೋಣ. ಇದರ ಹಿಂದಿನ ಸಮತೋಲವನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ಯಂಗ್ 1805ರಲ್ಲೇ ವಿವರಿಸಿದ. ಸೆರಾಮಿಕ್ ಲೇಪದ ಮೇಲೆ ಈ ಕೋನ 100ರಿಂದ 110 ಡಿಗ್ರಿ, ಅಂದರೆ ಅರ್ಧಗೋಳಕ್ಕಿಂತ ತುಸು ಹೆಚ್ಚು. ಕೆಸುವಿನ ಎಲೆಯ ಮೇಲೆ 150 ಡಿಗ್ರಿಗೂ ಮೇಲೆ, ಹೆಚ್ಚುಕಡಿಮೆ ಪೂರ್ತಿ ಗೋಲಿ.

ಈ ಸೆಳೆತ ಎಷ್ಟು ಆಳದಿಂದ ಬರುತ್ತದೆ? ಅಮೆರಿಕದ ಬೆಂಜಮಿನ್ ಫ್ರ್ಯಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಕೆರೆಗೆ ಒಂದು ಟೀ ಚಮಚೆ ಎಣ್ಣೆ ಸುರಿದು, ಅದು ಅರ್ಧ ಎಕರೆಯಷ್ಟು ಹರಡಿ ಅಲೆಗಳನ್ನು ಅಡಗಿಸಿದ್ದನ್ನು ಕಂಡು 1774ರಲ್ಲಿ ಬರೆದ. ಅಷ್ಟು ಎಣ್ಣೆ ಅಷ್ಟು ಜಾಗಕ್ಕೆ ಹಂಚಿದರೆ ದಪ್ಪ ಎಷ್ಟಾಯಿತು? ಒಂದೇ ಒಂದು ಅಣುವಿನಷ್ಟು. ನೂರು ವರ್ಷದ ಮೇಲೆ ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಆಗ್ನೆಸ್ ಪೋಕೆಲ್ಸ್ ಎಂಬ ಹೆಣ್ಣುಮಗಳು, ಕಾಲೇಜಿನ ಮೆಟ್ಟಿಲು ಹತ್ತದೆ, ಅಡುಗೆಮನೆಯಲ್ಲಿ ತಗಡಿನ ತೊಟ್ಟಿ ಮಾಡಿಕೊಂಡು ನೀರಿನ ಮೇಲೆ ಜಿಡ್ಡು ಹರಡುವುದನ್ನು ಅಳೆದಳು. ಅವಳ ಪತ್ರವನ್ನು ವಿಜ್ಞಾನಿ ರೇಲಿ 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದ. ಪಾತ್ರೆ ತೊಳೆಯುವವರ ಕಣ್ಣಿಗೆ ದಿನವೂ ಬೀಳುವ ಜಿಡ್ಡಿನ ಪೊರೆಯಿಂದ ಒಂದು ಹೊಸ ವಿಜ್ಞಾನದ ಶಾಖೆಯೇ ಹುಟ್ಟಿತು. ಅದು ಕಲಿಸಿದ ಮುಖ್ಯ ಪಾಠ ಇದು: ಒಂದು ಮೇಲ್ಮೈ ನೀರನ್ನು ಹೇಗೆ ಕಾಣುತ್ತದೆ ಎಂಬುದನ್ನು ನಿರ್ಧರಿಸಲು ಹೊರಗಿನ ಒಂದೆರಡು ಅಣುಗಳ ಸಾಲು ಸಾಕು.

ಒಂದು ಮೈಕ್ರಾನಿನೊಳಗೆ ಅಂಥ ಸಾಲುಗಳು ಹಲವು ನೂರು ಇವೆ. ಎಂದರೆ ಶೋರೂಮಿನ ಆ ಮುತ್ತಿನ ಹನಿಗೆ ಒಂದು ಪೂರ್ತಿ ಹಾಳೆಯೂ ಬೇಡ, ಹಾಳೆಯ ಕೆಲವು ನೂರರಲ್ಲಿ ಒಂದು ಪಾಲು ಇದ್ದರೂ ನೀರು ಹಾಗೆಯೇ ಉರುಳುತ್ತಿತ್ತು. ನೀರು ಪುಸ್ತಕದ ರಟ್ಟಿನ ಮೇಲಿನ ಹೆಸರನ್ನಷ್ಟೇ ಓದುತ್ತದೆ. ಒಳಗೆ ಎಷ್ಟು ಹಾಳೆ ಇದೆ ಎಂದು ಅದಕ್ಕೆ ತಿಳಿಯದು.

ಬಿಸಿಲು, ಗೀರು, ಕಲ್ಲು ಹಾಗಲ್ಲ. ಅವು ಒಳಗೆ ಇಳಿಯುತ್ತವೆ, ಅವುಗಳ ಎದುರು ಲೆಕ್ಕಕ್ಕೆ ಬರುವುದು ದಪ್ಪ. ನೇರಳಾತೀತ ಕಿರಣವನ್ನೇ ತೆಗೆದುಕೊಳ್ಳಿ. ಪಂಚೆಯನ್ನು ಒಂದು ಮಡಿಕೆ ಮಾಡಿ ಬಿಸಿಲಿಗೆ ಹಿಡಿದರೂ ಬೆಳಕು ತೂರಿ ಬರುತ್ತದೆ, ನಲವತ್ತು ಮಡಿಕೆ ಮಾಡಿದರೆ ಕತ್ತಲು. 40 ಹಾಳೆ ಮಾಡುತ್ತಿರುವ ಕೆಲಸಕ್ಕೆ 41ನೆಯ ಹಾಳೆ ಸೇರಿಸುವುದು ಅಷ್ಟರಲ್ಲೇ ಇದೆ. ಅದೂ ಸಿಲಿಕಾ ಬಲೆ ತಾನಾಗಿ ನೇರಳಾತೀತ ಕಿರಣವನ್ನು ತಡೆಯುವಂಥದ್ದಲ್ಲ. ಒಂದು ಮಧ್ಯಾಹ್ನ ಹೊಂಗೆ ಮರದ ನೆರಳು ಮಾಡುವಷ್ಟು ಉಪಕಾರವನ್ನು ಆ ಹಾಳೆ ಮಾಡಲಾರದು.

ಕೆಸುವಿನ ಎಲೆ ಇನ್ನೂ ಒಂದು ಸಂಗತಿ ಹೇಳುತ್ತದೆ. ಎಲೆಯ ಒಂದು ಜಾಗವನ್ನು ಹೆಬ್ಬೆರಳಿನಿಂದ ನಾಲ್ಕು ಸಲ ಗಟ್ಟಿಯಾಗಿ ಉಜ್ಜಿ, ಮತ್ತೆ ನೀರು ಹಾಕಿ ನೋಡಿ. ಉಜ್ಜಿದ ಜಾಗ ಕಡುಹಸಿರಾಗಿ ಒದ್ದೆಯಾಗುತ್ತದೆ, ಸುತ್ತಲೂ ಹನಿ ಉರುಳುತ್ತಲೇ ಇರುತ್ತದೆ. ಬರಿಗಣ್ಣಿಗೆ ಕಾಣದ ಉಬ್ಬುಗಳು, ಅವುಗಳ ಮೇಲಿನ ಮೇಣದ ಹರಳುಗಳು ಬೆರಳಿಗೇ ಸಿಕ್ಕಿ ನುಗ್ಗಾದವು. ಜರ್ಮನಿಯ ಬಾನ್ ನಗರದ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಥ್‌ಲಾಟ್ ತಾವರೆ, ಕೆಸುವಿನಂಥ ಎಲೆಗಳು ತಮ್ಮನ್ನು ತಾವೇ ತೊಳೆದುಕೊಳ್ಳುವ ಬಗೆಯನ್ನು ಜೊತೆಗಾರ ನೈನ್‌ಹುಯಿಸ್ ಸಂಗಡ 1997ರಲ್ಲಿ ವಿವರಿಸಿದಾಗ ಜಗತ್ತಿನ ಗಮನ ಹೋದದ್ದು ಈ ಉಬ್ಬುಗಳ ಮೇಲೆ. ಎಲೆಗೆ ಜೀವವಿದೆ, ಸವೆದ ಮೇಣವನ್ನು ಅದು ಮತ್ತೆ ಬೆಳೆಸಿಕೊಳ್ಳುತ್ತದೆ. ಬಾನೆಟ್ಟಿಗೆ ಆ ಭಾಗ್ಯವಿಲ್ಲ.

ಪೆನ್ಸಿಲ್ಲೂ ಲಾಲ್‌ಬಾಗಿನ ಬಂಡೆಯೂ

"9ಎಚ್ ಗಟ್ಟಿತನ ಸಾರ್, ಗೀರೇ ಬೀಳಲ್ಲ" ಎಂದಿದ್ದ ಶೋರೂಮಿನ ಹುಡುಗ. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ಕಲಿಸಿಕೊಟ್ಟದ್ದನ್ನು ಹೇಳಿದ. ಆ 'ಎಚ್' ಪೆನ್ಸಿಲ್ಲಿನದು. ಡ್ರಾಯಿಂಗ್ ಪೆನ್ಸಿಲ್ಲಿನ ಮೇಲೆ 2ಬಿ, ಎಚ್‌ಬಿ, 4ಎಚ್ ಎಂದು ಬರೆದಿರುತ್ತದಲ್ಲ, ಅದೇ. ಪೆನ್ಸಿಲ್ ಕಡ್ಡಿ ಗ್ರಾಫೈಟೂ ಜೇಡಿಮಣ್ಣೂ ಬೆರೆತದ್ದು, ಜೇಡಿ ಹೆಚ್ಚಾದಷ್ಟೂ ಗಟ್ಟಿ. ಬಣ್ಣದ ಮೇಲೆ ಬೇರೆಬೇರೆ ಪೆನ್ಸಿಲ್ಲನ್ನು ಓರೆಯಾಗಿ ಒತ್ತಿ ತಳ್ಳಿ, ಯಾವುದಕ್ಕೆ ಗೀರು ಬೀಳುತ್ತದೆಂದು ನೋಡುವುದು ಪೇಂಟು ಉದ್ಯಮದ ಹಳೆಯ, ಸರಳ ಪರೀಕ್ಷೆ. 9ಎಚ್ ಅದರ ಕೊನೆಯ ಮೆಟ್ಟಿಲು. ಆದರೆ 9 ಎಂದ ಕೂಡಲೇ ಶಾಲೆಯಲ್ಲಿ ಓದಿದ ಮೋಸ್ ಮಾಪಕ ನೆನಪಾಗುತ್ತದೆ. 1812ರಲ್ಲಿ ಫ್ರೀಡ್ರಿಕ್ ಮೋಸ್ ಬಳಪದ ಕಲ್ಲಿನಿಂದ ವಜ್ರದವರೆಗೆ ಹತ್ತು ಖನಿಜಗಳನ್ನು ಜೋಡಿಸಿದ ಏಣಿ ಅದು. ಅದರಲ್ಲಿ 9 ಎಂದರೆ ಮಾಣಿಕ್ಯ, ನೀಲಗಳ ಜಾತಿಯ ಕುರುಂದ. ಪೆನ್ಸಿಲ್ಲಿನ 9ಕ್ಕೂ ಮಾಣಿಕ್ಯದ 9ಕ್ಕೂ ನೆಂಟಸ್ತಿಕೆಯೇ ಇಲ್ಲ.

ಮತ್ತೆ, ನಮ್ಮ ಕಾರನ್ನು ಯಾರೂ ಪೆನ್ಸಿಲ್ಲಿನಿಂದ ಒರೆಸುವುದಿಲ್ಲ. ಬೆಂಗಳೂರಿನ ನೆಲದಡಿ ಇರುವುದು ನೈಸ್ ಬಂಡೆ. ಲಾಲ್‌ಬಾಗಿನ ಗುಡ್ಡದ ಮೇಲೆ ಕೆಂಪೇಗೌಡರ ಗೋಪುರದ ಬುಡದಲ್ಲಿ ನಾವೆಲ್ಲ ಕೂತು ಕಡಲೆಕಾಯಿ ತಿಂದದ್ದು ಅದೇ ಬಂಡೆಯ ಮೇಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ಆ ಬಂಡೆ ಸವೆದಾಗ ಒಂದು ಪಾಲು ಜೇಡಿಯಾಗುತ್ತದೆ, ಬೆಣಚುಕಲ್ಲಿನ ಪಾಲು ಮಾತ್ರ ಕರಗದೆ ಮರಳಾಗಿ ಉಳಿಯುತ್ತದೆ. ಈಗ ಕ್ರಷರಿನಲ್ಲಿ ಒಡೆದ ಎಂ-ಸ್ಯಾಂಡಿನ ಚೂಪು ಮೂಲೆಯ ಕಣಗಳು ಬೇರೆ ಸೇರಿವೆ. ಮೋಸ್ ಏಣಿಯಲ್ಲಿ ಬೆಣಚುಕಲ್ಲು 7. ಅದು ಕಿಟಕಿಯ ಗಾಜನ್ನೇ ಗೀರುತ್ತದೆ. ಬಾನೆಟ್ಟಿನ ಮೇಲಿನ ಕೆಂಧೂಳಿಗೆ ಒಣಬಟ್ಟೆ ಹಾಕಿ ಎಳೆದರೆ ಬಟ್ಟೆಯ ಮಡಿಕೆಯೊಳಗೆ ಸಿಕ್ಕ ಒಂದೊಂದು ಕಣವೂ ಉಳಿಯಾಗುತ್ತದೆ. ಗೀರಿನ ಆಳ ಒಂದು ಮೈಕ್ರಾನಿನಿಂದ ಕೆಲವು ಮೈಕ್ರಾನ್, ಎಂದರೆ ಆ ಒಂದು ಹಾಳೆ ಹರಿದು ಕೆಳಗಿನ ಎರಡು ಹಾಳೆಗೂ ತಾಗುವಷ್ಟು. ಅಷ್ಟೇ ಅಲ್ಲ, ಮೆತ್ತನೆಯದರ ಮೇಲೆ ಹಾಸಿದ ಗಟ್ಟಿ ತೆಳುಪೊರೆಗೆ ತನ್ನದೇ ಬಲ ಕಡಿಮೆ. ಹಾಸಿಗೆಯ ಮೇಲೆ ಹಪ್ಪಳ ಇಟ್ಟು ಬೆರಳಿನಿಂದ ಒತ್ತಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಈ ಗೀರುಗಳನ್ನು ನೋಡಲು ಕಾರು ಬೇಡ, ಊಟದ ಸ್ಟೀಲ್ ತಟ್ಟೆ ಸಾಕು. ನಾರು ಹಾಕಿ ವರ್ಷಗಟ್ಟಲೆ ಉಜ್ಜಿದ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಬಿಂಬದ ಸುತ್ತ ಜೇಡರಬಲೆಯಂಥ ವೃತ್ತಗಳು ಕಾಣುತ್ತವೆ. ಉಜ್ಜಿದ್ದು ದುಂಡಗೆ, ಅದಕ್ಕೇ ವೃತ್ತ ಎನ್ನಿಸುತ್ತದೆ. ಈಗ ತಟ್ಟೆಯನ್ನು ತುಸು ಸರಿಸಿ. ವೃತ್ತಗಳ ನಡುಬಿಂದು ಬಲ್ಬಿನ ಬಿಂಬದ ಜೊತೆಗೇ ಸರಿಯುತ್ತದೆ! ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಇವೆ. ಆದರೆ ಒಂದು ಗೀರು ತನಗೆ ಅಡ್ಡಲಾಗಿ ಬಂದ ಬೆಳಕನ್ನು ಮಾತ್ರ ನಮ್ಮ ಕಣ್ಣಿಗೆ ತಿರುಗಿಸುತ್ತದೆ. ಸಾವಿರಾರು ಗೀರುಗಳಲ್ಲಿ ಬಿಂಬವನ್ನು ಸುತ್ತುವರಿದು ನಿಂತವು ಮಾತ್ರ ಮಿನುಗಿ, ಉಳಿದವು ಮರೆಯಲ್ಲೇ ಇರುತ್ತವೆ. ಕಪ್ಪು ಕಾರು ಎರಡೇ ವರ್ಷಕ್ಕೆ ಮಂಕಾಗಿ ಕಾಣುವುದಕ್ಕೆ ಈ ಸುತ್ತುಗೀರುಗಳೇ ಕಾರಣ, ಬಿಸಿಲಲ್ಲ. ಬಿಳಿ ಕಾರಿನಲ್ಲೂ ಅಷ್ಟೇ ಗೀರು ಇರುತ್ತದೆ, ಬಿಳಿಯ ಬೆಳಕಿನಲ್ಲಿ ಅದರ ಮಿನುಗು ಮುಳುಗಿಹೋಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿಗೆ ಬೆಳಿಗ್ಗೆ ಐದೂವರೆಗೆ ಕಾರು ಒರೆಸಲು ಬರುವವರನ್ನು ಆ ವಾರ ಕೆಳಗಿಳಿದು ಮಾತಾಡಿಸಿದೆ. ಒಂದು ಬಕೆಟ್, ಒಂದು ಬಟ್ಟೆ. "ಹದಿನೆಂಟು ಗಾಡಿ ಇದಾವೆ ಸಾರ್, ಏಳೂವರೆ ಒಳಗೆ ಮುಗೀಬೇಕು. ನೀರು ಬದಲಾಯ್ಸೋಕೆ ಸಂಪಿನ ಹತ್ರ ಹೋಗಿ ಬರೋದ್ರಲ್ಲೇ ಒಂದು ಗಾಡಿ ಟೈಮ್ ಹೋಗುತ್ತೆ." ಅವರ ಬಕೆಟ್ಟಿನ ತಳಕ್ಕೆ ಕೈ ಹಾಕಿದೆ. ಬೆರಳಿಗೆ ಹತ್ತಿದ ಕೆಸರನ್ನು ಉಜ್ಜಿದರೆ ಕರಕರ ಎನ್ನುತ್ತಿತ್ತು. ತಪ್ಪು ಅವರದ್ದಲ್ಲ. ತಿಂಗಳಿಗೆ ನಾವು ಕೊಡುವ ಕೆಲವು ನೂರು ರೂಪಾಯಿಗೆ ನಾವೇ ಒಪ್ಪಿಕೊಂಡ ಏರ್ಪಾಡು ಅದು. ಆದರೆ ಹೀಗೆ ದಿನವೂ ಒರೆಸಿಸಿಕೊಳ್ಳುವ ಕಾರಿಗೆ 28,000 ರೂಪಾಯಿಯ ಹಾಳೆ ಹೊದಿಸಿದರೆ, ಅದನ್ನು ಆ ಕರಕರವೇ ತಿಂದು ಮುಗಿಸುತ್ತದೆ.

ಹನಿ ಒಣಗಿದ ಮೇಲೆ

ಹನಿ ಉರುಳಿದರೆ ಚೆಂದ. ಬಾನೆಟ್ಟು ಮತ್ತು ಟಾಪು ಹೆಚ್ಚುಕಡಿಮೆ ಮಟ್ಟಸವಾಗಿರುತ್ತವೆ, ಅಲ್ಲಿ ಸಣ್ಣ ಹನಿಗಳು ಉರುಳದೆ ಕೂತಲ್ಲೇ ಒಣಗುತ್ತವೆ. ಮಳೆನೀರಾದರೆ ಚಿಂತೆಯಿಲ್ಲ. ಬೋರ್‌ವೆಲ್ ನೀರಾದರೆ ಅದರಲ್ಲಿ ಸುಣ್ಣದಂಶ ಬೇಕಾದಷ್ಟು, ಗೀಸರಿನ ಕಾಯಿಲ್ ತೆಗೆದು ನೋಡಿದವರಿಗೆ ವಿವರಣೆ ಬೇಡ. ಲೋಟದಡಿ ಒಣಗಿದ ಕಾಫಿಯ ಕಲೆ ನಡುವೆ ತೆಳುವಾಗಿ ಅಂಚಿನಲ್ಲಿ ಗಾಢವಾಗಿರುತ್ತದಲ್ಲ, ಅದೇಕೆಂದು ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಅಂಚು ಬೇಗ ಆರುತ್ತದೆ, ಆ ನಷ್ಟ ತುಂಬಲು ಒಳಗಿನ ನೀರು ಅಂಚಿನತ್ತ ಹರಿಯುತ್ತ ತನ್ನಲ್ಲಿರುವುದನ್ನೂ ಹೊತ್ತೊಯ್ಯುತ್ತದೆ. ಲೇಪವಿರುವ ಬಾನೆಟ್ಟಿನ ಮೇಲೆ ಹನಿ ಹರಡದೆ ಎತ್ತರವಾಗಿ ಕೂರುವುದರಿಂದ ಅದರ ಸುಣ್ಣವೆಲ್ಲ ಕಿರಿದಾದ ಜಾಗದಲ್ಲಿ ದಟ್ಟವಾಗಿ ಉಳಿಯುತ್ತದೆ. ಬೋರ್ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟ ಕಾರಿಗೆ, ಸೆರಾಮಿಕ್ ಹಾಕಿಸಿದ್ದರೂ, ಬಿಳಿ ಚುಕ್ಕೆ ತಪ್ಪಿದ್ದಲ್ಲ. ಒರೆಸದೆ ಬಿಡಬಾರದು.

ಹನಿ ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಬಣ್ಣ ಸುಡುತ್ತದೆ ಎಂಬ ಮಾತು ಬೇರೆ ಇದೆ. ಬುಡಾಪೆಸ್ಟಿನ ಗಾಬೊರ್ ಹೊರ್ವಾಥ್ ತಂಡ 2010ರಲ್ಲಿ ಎಲೆಗಳ ಮೇಲೆ ಇದನ್ನು ಪರೀಕ್ಷಿಸಿ, ನಯವಾದ ಎಲೆಗೆ ತಾಗಿ ಕೂತ ಹನಿ ಸುಡಲಾರದೆಂದು ಕಂಡಿತು. ಬಾನೆಟ್ಟಿಗೆ ತಾಗಿ ಕೂತ ಹನಿಯೂ ಹಾಗೆಯೇ, ಬೆಳಕು ಒಂದೆಡೆ ಕೂಡಬೇಕಾದ ಬಿಂದು ಅದರಿಂದ ಆಚೆ ಬೀಳುತ್ತದೆ.

ಹಕ್ಕಿಯ ಹಿಕ್ಕೆ ಮಾತ್ರ ನಿಜವಾದ ಶತ್ರು. ಅದರ ಆಮ್ಲವನ್ನಷ್ಟೇ ಎಲ್ಲರೂ ದೂರುತ್ತಾರೆ. ಟೆಹರಾನಿನ ಅಮೀರ್ ಕಬೀರ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗಗಳು ಇನ್ನೊಂದು ಅಪರಾಧಿಯನ್ನು ತೋರಿಸಿದವು: ಹಕ್ಕಿಯ ಹೊಟ್ಟೆಯಿಂದ ಜೊತೆಗೇ ಬಂದ ಜೀರ್ಣಕ ಕಿಣ್ವಗಳು. ಹಣ್ಣು, ಹುಳು ಜೀರ್ಣಿಸಬೇಕಾದ ಆ ಕಿಣ್ವಗಳು ಬಾನೆಟ್ಟಿನ ಮೇಲೆ ಬಿದ್ದ ಮೇಲೂ ಕೆಲಸ ನಿಲ್ಲಿಸದೆ ತಿಳಿಪದರದ ಅಣುಸರಪಣಿಯನ್ನೇ ಕತ್ತರಿಸಲು ತೊಡಗುತ್ತವೆ. ಬಿಸಿಲಿನ ಕಾವು ಅವಕ್ಕೆ ಅನುಕೂಲ. ಲೇಪವಿದ್ದರೆ ಸ್ವಲ್ಪ ಹೊತ್ತು ಸಿಗುತ್ತದೆ, ಹಿಕ್ಕೆ ಸಲೀಸಾಗಿ ಬಿಟ್ಟುಬರುತ್ತದೆ. ಎರಡು ದಿನ ಬಿಟ್ಟರೆ ಗುಳಿ ಬೀಳುವುದು ಬೀಳುತ್ತದೆ. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಮೆತ್ತನೆ ಬಟ್ಟೆ ಇಟ್ಟುಕೊಂಡವರು ಲೇಪಕ್ಕಿಂತ ದೊಡ್ಡ ರಕ್ಷಣೆ ಇಟ್ಟುಕೊಂಡಂತೆ.

ಭಾವನಿಗೆ ಹೇಳಿದ್ದು

ವಾರದ ಮೇಲೆ ತುಮಕೂರಿಗೆ ಹೋಗಿ, ಅಕ್ಕನ ಮನೆಯ ಜಗಲಿಯಲ್ಲಿ ಹಾಳೆಯ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಕೊನೆಗೆ ನನ್ನ ಅಭಿಪ್ರಾಯವನ್ನೂ ಹೇಳಿದೆ. ದಿನವೂ ಓಡಾಡಲು ಇಟ್ಟುಕೊಂಡ ಕಾರಿಗೆ, ಅದರಲ್ಲೂ ಬಿಳಿ ಕಾರಿಗೆ, ಇದು ಬೇಡ. ಸೆರಾಮಿಕ್ ಲೇಪದ ನಿಜವಾದ ಗುಣ ಒಂದೇ, ಕೊಳೆ ಸಲೀಸಾಗಿ ಬಿಡುತ್ತದೆ. ಅದರಿಂದ ಉಜ್ಜುವುದು ಕಡಿಮೆಯಾಗುತ್ತದೆ, ಉಜ್ಜುವುದು ಕಡಿಮೆಯಾದರೆ ಗೀರು ಕಡಿಮೆ. ಈ ಲಾಭ ಸಿಗುವುದು ಮೊದಲು ಪೈಪಿನಲ್ಲಿ ನೀರು ಹಾಯಿಸಿ ತಾವೇ ತೊಳೆಯುವವರಿಗೆ. ಕಪ್ಪು ಅಥವಾ ಕಡುನೀಲಿ ಕಾರು ಇಟ್ಟುಕೊಂಡು, ಭಾನುವಾರ ಎರಡು ಗಂಟೆ ಅದಕ್ಕೇ ಮೀಸಲಿಡುವವರು ಹಾಕಿಸಿಕೊಂಡರೆ ನಾನು ತಪ್ಪೆನ್ನುವುದಿಲ್ಲ, ಅವರಿಗೆ ಆ ಹೊಳಪಿನ ಸುಖ ನಿಜವಾದದ್ದು.

ಹಾಕಿಸುವವರು ಒಂದು ಮಾತು ಕೇಳಲೇಬೇಕು: ಲೇಪದ ಮೊದಲು ಮೆಷಿನ್ನಿನಲ್ಲಿ ಪಾಲಿಶ್ ಮಾಡುತ್ತೀರಾ? ಹಳೆಯ ಗೀರು ಹೋಗಲಾಡಿಸುವುದೆಂದರೆ ಗೀರಿನ ತಳದವರೆಗೆ ತಿಳಿಪದರವನ್ನೇ ತೇಯುವುದು. ಎರಡರಿಂದ ಐದು ಹಾಳೆ ಹರಿದು ಹಾಕಿ, ಮೇಲೆ ಒಂದು ಹಾಳೆ ಅಂಟಿಸಿದಂತಾಗುತ್ತದೆ. ಹೊಸ ಕಾರಿಗೆ ಇದರ ಅಗತ್ಯವೇ ಇರುವುದಿಲ್ಲ.

ಹೆದ್ದಾರಿಯಲ್ಲಿ ಲಾರಿಯ ಚಕ್ರದಿಂದ ಸಿಡಿಯುವ ಜಲ್ಲಿ ಪುಸ್ತಕವನ್ನೇ ತೂತು ಮಾಡುತ್ತದೆ. ಅದಕ್ಕೆ ತಡೆ ಬೇಕಾದರೆ ಪಿಪಿಎಫ್ ಎಂಬ ಪಾಲಿಯುರೆಥೇನ್ ಹಾಳೆ ಇದೆ, ದಪ್ಪ 150ರಿಂದ 200 ಮೈಕ್ರಾನ್. ಇದು ಪುಸ್ತಕದ ಮೇಲೆ ಇನ್ನೊಂದು ಪುಸ್ತಕವನ್ನೇ ಇಟ್ಟಂತೆ, ಇಡೀ ಕಾರಿಗೆ ಹಾಕಿಸಿದರೆ ಖರ್ಚು ಲಕ್ಷದ ಆಚೀಚೆ. ಮುಂದಿನ ಬಂಪರಿಗೂ ಬಾನೆಟ್ಟಿನ ಮೂತಿಗೂ ಮಾತ್ರ ಹಾಕಿಸಿಕೊಳ್ಳುವುದು ಜಾಣತನ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿರುವವರು ಆ ದುಡ್ಡನ್ನು ಕಾರಿನ ಹೊಟ್ಟೆಯ ಭಾಗ ತೊಳೆಸುವುದಕ್ಕೂ, ಕಲ್ಲು ತಾಗಿ ಬಣ್ಣ ಹೋದ ಕಡೆ ಕೂಡಲೇ ಟಚಪ್ ಮಾಡಿಸುವುದಕ್ಕೂ ಬಳಸಲಿ. ತುಕ್ಕು ಹುಟ್ಟುವುದು ಅಲ್ಲಿ.

ಭಾವ ಎಲ್ಲವನ್ನೂ ಕೇಳಿ, "ಹಾಗಾದ್ರೆ ಒಂದು ಹಾಳೆಗೆ ಇಪ್ಪತ್ತೆಂಟು ಸಾವಿರ" ಅಂದರು. ಹಾಕಿಸಲಿಲ್ಲ. ಪೇಟೆಯಿಂದ ಎರಡು ಬಕೆಟ್, ನಾಲ್ಕು ಮೈಕ್ರೋಫೈಬರ್ ಬಟ್ಟೆ, ಇಪ್ಪತ್ತಡಿ ಪೈಪು ತಂದರು. ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಪಿನಲ್ಲಿ ಹಿಡಿದಿಟ್ಟ ಮಳೆನೀರಿನಲ್ಲಿ ಮೊದಲು ಧೂಳು ಇಳಿಸಿ, ಒಂದು ಬಕೆಟ್ಟಿನಲ್ಲಿ ಸೋಪು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು.

ಎರಡು ವರ್ಷದ ಮೇಲೆ ಕಳೆದ ದೀಪಾವಳಿಗೆ ಹೋದಾಗ, ಕತ್ತಲಾದ ಮೇಲೆ ಫೋನಿನ ಟಾರ್ಚು ಹಚ್ಚಿ ಕಾರಿನ ಸುತ್ತ ಬಂದೆ. ಬಾನೆಟ್ಟಿನಲ್ಲಿ ಬೆಳಕಿನ ಬಿಂಬದ ಸುತ್ತ ತೆಳುವಾದ ಎಳೆಗಳು, ಹುಡುಕಿದರೆ ಕಾಣುವಷ್ಟು. ದಟ್ಟವಾಗಿ ಕಂಡದ್ದು ಹಿಂದಿನ ಎಡಬಾಗಿಲಿನ ಹಿಡಿಕೆಯ ಹಿಂದೆ, ಕೈ ಹಾಕುವ ಕುಳಿಯಲ್ಲಿ ಮಾತ್ರ. ಅಲ್ಲಿ ಗೀರುಗಳು ವೃತ್ತವಾಗಿರಲಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ, ಕೆಳಗಿನಿಂದ ಮೇಲಕ್ಕೆ, ಪುಟ್ಟ ಉಗುರುಗಳ ಗುರುತು. ಮೊಮ್ಮಗಳು ಸ್ಕೂಲಿಗೆ ಹೋಗುವಾಗ ಕೂರುವ ಜಾಗ ಅದು. "ಅದನ್ನ ಪಾಲಿಶ್ ಮಾಡಿಸಬೇಡಿ ಭಾವ" ಅಂದೆ. "ಯಾಕೆ ಮಾಡಿಸ್ಲಿ" ಅಂದರು ಅವರು.